ಎವರಾಲ್ಡ್ ಮುಗಿಸಲಾಗದ ಹಾಡು

ಎವರಾಲ್ಡ್ ಟಲಕ್‌ನ ಸಕ್ಕರೆ ಹಾಡು ಬಾಯಿಪಾಠ ಬಾರದ ಮಗು ನಮ್ಮ ಪೋರ್ಟ್ ಮರಾಯಾದಲ್ಲಿ ಇಲ್ಲ. ಅದರ ಕೊನೆಯ ಚರಣ ಕೇಳಿದೋರು ಯಾರಿದ್ದಾರೆ ಅಂತ ವಿಚಾರಿಸಿ ನೋಡಿ, ಒಬ್ಬರೂ ಸಿಗಲ್ಲ. ನಾನು ಡೋರೆಟ್, ಜೀವಮಾನವೆಲ್ಲ ಅವನ ಬೆನ್ನ ಹಿಂದೆ ನಿಂತು ‘ಊ... ಊ...’ ಅಂದವಳು. ನನಗಾದರೂ ಅದು ಗೊತ್ತಿರೋದು ತಾಲೀಮಿನಲ್ಲಿ ಕೇಳಿದ್ದರಿಂದ.

ಅವನ ತಾಯಿ ಕೆಲಸ ಹುಡುಕಿಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದಾಗ ಇವನಿನ್ನೂ ಮೂಗು ಒರೆಸಿಕೊಳ್ಳೋಕೆ ಬಾರದ ಕೂಸು. ಸಾಕಿದವಳು ದೊಡ್ಡಮ್ಮ, ಮಿಸ್ ಐಸಿಲ್ಡಾ. ಸಂತೆಯಲ್ಲಿ ಗೆಣಸು ಮಾರುತ್ತಿದ್ದಳು. ಬಾಯಿ ಜೋರು, ಕೈ ಇನ್ನೂ ಜೋರು. ಇವನು ದೊಡ್ಡವನಾಗಿ, ಕಿಂಗ್‌ಸ್ಟನ್ನಿನ ಸ್ಟುಡಿಯೋಗಳ ಗೇಟಿನಲ್ಲಿ ವರ್ಷಗಟ್ಟಲೆ ಬಿಸಿಲಲ್ಲಿ ಕಾದ. ಕೊನೆಗೊಬ್ಬ ಯಜಮಾನ ಒಳಗೆ ಬಿಟ್ಟುಕೊಂಡ. ಆಗ ಹಾಡಿದ್ದು ಅವಳ ಮೇಲೇ:

‘ದೊಡ್ಡಮ್ಮ, ದೊಡ್ಡಮ್ಮ, ಐಸಿಲ್ಡಾ ದೊಡ್ಡಮ್ಮ,
ಸಕ್ಕರೆ ಡಬ್ಬಿಗೆ ಬೀಗ ಯಾಕಮ್ಮ?
ಗಂಜಿ ಸಪ್ಪೆ, ಮೋರೆ ಸಪ್ಪೆ, ಬೀಗದ ಕೈ ಎಲ್ಲಮ್ಮ?’

ಕೇಳಿದರೆ ನಗು ಬರುತ್ತೆ, ಅಲ್ವಾ? ನಗು ಬರಲಿ ಅಂತಲೇ ಬರೆದಿದ್ದ. ನಗಿಸಿ ನಗಿಸಿ ಕೊನೆಗೆ ಎದೆ ಹಿಂಡಬೇಕು ಅಂತ ಅವನ ಲೆಕ್ಕ. ಕೊನೆಯ ಚರಣದಲ್ಲಿ ಹುಡುಗ ಬೀಗ ಒಡೆಯುತ್ತಾನೆ. ಡಬ್ಬಿ ಖಾಲಿ. ಮನೆಯಲ್ಲಿ ಸಕ್ಕರೆ ಇಲ್ಲ ಅಂತ ಹುಡುಗನಿಗೆ ಗೊತ್ತಾಗಬಾರದು, ಅದಕ್ಕೇ ಆ ಬೀಗ. ತಾನು ಉಪವಾಸ ಬಿದ್ದು ಸಾಕಿದವಳೇ ಅಂತ ಅವನು ಅವಳ ಕಾಲು ಹಿಡಿಯೋದರಲ್ಲಿ ಹಾಡು ಮುಗಿಯುತ್ತೆ.

ಆ ಯಜಮಾನ, ಹಾಳಾಗಿ ಹೋಗ, ರೆಕಾರ್ಡಿನಲ್ಲಿ ಜಾಗ ಇಲ್ಲ ಅಂತ ಕೊನೆಯ ಚರಣ ಬರೋ ಮೊದಲೇ ದನಿ ಇಳಿಸಿ ಹಾಡು ಮುಗಿಸಿಬಿಟ್ಟ. “ಜನ ಕುಣಿಯೋಕೆ ಬರ್ತಾರೆ ಕಣೋ, ಅಳೋಕಲ್ಲ” ಅಂದ. ಎವರಾಲ್ಡ್ ತಲೆಯಾಡಿಸಿದ. ಹೋಗಲಿ, ವೇದಿಕೆ ಮೇಲೆ ಪೂರ್ತಿ ಹಾಡಿದರಾಯ್ತು ಅಂದುಕೊಂಡ, ಬೆಪ್ಪ.

ನಮ್ಮ ಜನ ಗೊತ್ತಲ್ಲ. ಹಾಡು ಹಿಡಿಸಲಿಲ್ಲ ಅಂದರೆ ಕೊನೆತನಕ ಸುಮ್ಮನೆ ಕೇಳ್ತಾರೆ. ಹಿಡಿಸಿತೋ, ಮುಗಿಯಿತು ಕಥೆ! ಎರಡು ಸಾಲಿಗೇ ಪಾತ್ರೆ ಮುಚ್ಚಳ ಬಡಿದು, ಸೀಟಿ ಹೊಡೆದು, “ನಿಲ್ಸು! ಮೊದಲಿಂದ ಬಾ!” ಅಂತಾರೆ. ವಾದ್ಯದವರು ನಿಲ್ಲಿಸಲೇಬೇಕು, ಮತ್ತೆ ಶುರುವಿಂದ ಎತ್ತಲೇಬೇಕು. ಅದಕ್ಕಿಂತ ದೊಡ್ಡ ಮರ್ಯಾದೆ ಹಾಡುಗಾರನಿಗೆ ಇನ್ನೊಂದಿಲ್ಲ. ಆ ಮರ್ಯಾದೆಯೇ ಇವನ ಕುತ್ತಿಗೆ ಹಿಡಿಯಿತು. ಬೀಗದ ಕೈ ತನಕ ಹೋಗೋದು, ಮುಚ್ಚಳ ಬಡಿಯೋದು, ಮತ್ತೆ ಮೊದಲಿಂದ. ಜಪಾನಿಗೆ ಹೋದೆವು, ಅಲ್ಲೂ ಅದೇ ಹಣೆಬರಹ. ಬೇರೆ ಹಾಡು ಕಟ್ಟಿದ, ಇದರಪ್ಪನಂಥವು. “ಚೆನ್ನಾಗಿದೆ ಗುರು, ಈಗ ಸಕ್ಕರೆದು ಹಾಡು” ಅಂತಿದ್ದರು. ಒಮ್ಮೆ ಹಾಡಲ್ಲ ಅಂದದ್ದಕ್ಕೆ ಬಾಟಲಿ ಬಿದ್ದವು.

ಇತ್ತ ಮಿಸ್ ಐಸಿಲ್ಡಾ ಸಕ್ಕರೆ ಕೊಳ್ಳೋಕೆ ಹೋದರೆ ಅಂಗಡಿಯವನು, “ಬೀಗ ತಂದಿದ್ದೀಯಾ ದೊಡ್ಡಮ್ಮ?” ಅನ್ನೋನು. ಚರ್ಚಿನಲ್ಲಿ ಪಕ್ಕದವರು ಕಿಸಕ್ಕನೆ ನಗೋರು. ಮೊದಮೊದಲು ಬೈದಳು, ಆಮೇಲೆ ಸಂತೆ ಬಿಟ್ಟಳು, ಚರ್ಚ್ ಬಿಟ್ಟಳು, ಇವನ ಜೊತೆ ಮಾತೂ ಬಿಟ್ಟಳು. ಇವನು ಕಳಿಸಿದ ದುಡ್ಡು, ಸಾಮಾನು ಎಲ್ಲ ಪಕ್ಕದ ಮನೆಯವರಿಗೆ ಕೊಟ್ಟುಬಿಡುತ್ತಿದ್ದಳು. ನೆನೆದರೆ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತೆ.

ಹೋದ ಕ್ರಿಸ್ಮಸ್ ಹೊತ್ತಿಗೆ ಇವನ ತಲೆಯೂ ಬೆಳ್ಳಗಾಗಿತ್ತು. ನನ್ನನ್ನು ಕರಕೊಂಡು ಅವಳ ಮನೆಗೆ ಹೋದ. ಅವಳು ಜಗಲಿಯಲ್ಲಿ ತೊಗರಿಕಾಯಿ ಬಿಡಿಸುತ್ತಿದ್ದಳು.

“ದೊಡ್ಡಮ್ಮ, ಕೊನೇ ಚರಣ ಒಂದ್ಸಲ ಕೇಳು. ನಿನ್ ಕಾಲಿಗೆ ಬೀಳ್ತೀನಿ.”

“ನಂಗ್ಯಾಕೋ ಹಾಡ್ತೀಯ?” ಅವಳು ತಲೆ ಎತ್ತಲಿಲ್ಲ. “ಅದ್ರಲ್ಲೇನಿದೆ ಅಂತ ಡೋರೆಟ್ ಯಾವತ್ತೋ ಹೇಳಿದಾಳೆ. ಡಬ್ಬಿ ಖಾಲಿ ಇತ್ತು ಅಂತ ನಂಗೆ ಗೊತ್ತಿಲ್ವಾ? ನಕ್ಕಿದ್ದು ಊರು. ಊರಿಗೆ ಕೇಳ್ಸು.”

“ಅಲ್ಲೀತನಕ ಹೋಗೋಕೆ ಬಿಡಲ್ಲ ಅವರು.”

“ಹಂಗಾದ್ರೆ ಅಲ್ಲಿಂದ್ಲೇ ಶುರು ಮಾಡು. ನಾನೂ ಬರ್ತೀನಿ. ನೀನೆಷ್ಟು ಗಂಡಸೋ ನೋಡೇಬಿಡೋಣ.”

ಹೊಸ ವರ್ಷದ ದಿನ ಮಧ್ಯಾಹ್ನ, ಊರಿನ ಚೆಂಡಾಟದ ಮೈದಾನದಲ್ಲಿ ನಮ್ಮ ಹಾಡಿನ ಕಾರ್ಯಕ್ರಮ. ಅವಳು ಚರ್ಚಿನ ಟೋಪಿ ಇಟ್ಟುಕೊಂಡು ಮುಂದಿನ ಕುರ್ಚಿಯಲ್ಲೇ ಕೂತಿದ್ದಳು. ಎವರಾಲ್ಡ್ ಕಣ್ಣು ಮುಚ್ಚಿ ನೇರ ಕೊನೆಯ ಚರಣ ಎತ್ತಿದ: ‘ಬೀಗ ಒಡೆದೆ, ಡಬ್ಬಿ ಖಾಲಿ...’

ಮೈದಾನ ಒಂದು ಗಳಿಗೆ ಗಪ್‌ಚಿಪ್. ಅಬ್ಬಾ, ಗೆದ್ದ ಅಂದುಕೊಂಡೆ. ಅಷ್ಟರಲ್ಲಿ ಯಾರೋ, “ಅಯ್ಯೋ ಪಾಪ, ಮರೆತುಬಿಟ್ಟಿದಾನೆ! ವಯಸ್ಸಾಯ್ತಲ್ಲ!” ಅಂದರು. ತಗೋ, ಇಡೀ ಮೈದಾನ ಅವನಿಗೆ ನೆನಪು ಮಾಡಿಕೊಡೋಕೆ ನಿಂತಿತು. ‘ದೊಡ್ಡಮ್ಮ, ದೊಡ್ಡಮ್ಮ...’ ಮಕ್ಕಳು, ಮುದುಕರು, ಮೀನು ಹುರಿಯೋರು, ಪೊಲೀಸರೂ. ಅವನು ದನಿ ಏರಿಸಿದಷ್ಟೂ ಅವರು ಇನ್ನೂ ಅಕ್ಕರೆಯಿಂದ ಜೋರಾಗಿ ಹಾಡಿದರು. ಬೈದಿದ್ದರೆ ಎದುರಿಸಬಹುದಿತ್ತು, ಪ್ರೀತಿಗೆ ಏನು ಮಾಡೋದು? ನನಗೆ ತಡೆಯಲಿಲ್ಲ, ಮೈಕಿನಲ್ಲೇ “ಬಾಯ್ಮುಚ್ರೋ!” ಅಂತ ಕಿರುಚಿದೆ. ಅದಕ್ಕೂ ಸೀಟಿ ಹೊಡೆದರು.

ಆಗ ಮಿಸ್ ಐಸಿಲ್ಡಾ ಎದ್ದಳು. ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದಳು. “ದೊಡ್ಡಮ್ಮ! ಅವಳೇ ಕಣ್ರೋ!” ಅಂತ ಜನ ಹುಚ್ಚೆದ್ದು ಮುಚ್ಚಳ ಬಡಿದರು. ಅವಳು ಎವರಾಲ್ಡನ ಕೈ ಹಿಡಿದು ಕಿವಿಯಲ್ಲಿ ಹೇಳಿದ್ದು ಹಿಂದೆ ನಿಂತಿದ್ದ ನನಗೂ ಕೇಳಿಸಿತು.

“ನಿನ್ನೂ ಬಿಡಲ್ಲ ಇವರು, ನನ್ನೂ ಬಿಡಲ್ಲ. ಹಾಡು ಮಗಾ. ಸುಮ್ನೆ ನಿಂತಷ್ಟೂ ಹೊತ್ತಾಗುತ್ತೆ.”

ಅವನು ಮೊದಲ ಚರಣ ಎತ್ತಿದ. ‘ಬೀಗದ ಕೈ ಎಲ್ಲಮ್ಮ’ ಅನ್ನೋ ಕಡೆ ಸಾವಿರ ಬೆರಳು ಅವಳ ಕಡೆ ತಿರುಗಿದವು. ಅವಳು ಅವನ ಕೈ ಬಿಡದೆ, ನೆಟ್ಟಗೆ ನಿಂತು ಅವರನ್ನೇ ನೋಡುತ್ತಿದ್ದಳು. ಎವರಾಲ್ಡನ ಕಣ್ಣಲ್ಲಿ ದಳದಳ ನೀರು. ಸಂತೋಷಕ್ಕೆ ಅಳ್ತಿದಾನೆ ಅಂದುಕೊಂಡ ಜನ ಮತ್ತೆ ಮುಚ್ಚಳ ಬಡಿದರು, ನಾವು ಮತ್ತೆ ಮೊದಲಿಂದ ಶುರು ಮಾಡಿದೆವು.