ಅಧ್ಯಕ್ಷರ ಮನೆ ಮುಂದೆ

ಕಂಡಕ್ಟರು ನಿವೃತ್ತರಾದರೂ ಅವರ ಕೊರಳಿನ ಸೀಟಿ ನಿವೃತ್ತಿಯಾಗಲಿಲ್ಲ. ಬಸ್ಸು ಕೈಬಿಟ್ಟ ಮೇಲೆ ಅವರು ಬೀದಿಯನ್ನು ಹಿಡಿದರು. ಮನೆ ಮಾಲೀಕರ ಸಂಘಕ್ಕೆ ಅಧ್ಯಕ್ಷರಾಗಿ ಸಭೆಯನ್ನೂ ಬಸ್ಸಿನಂತೆಯೇ ನಡೆಸಿದರು. ಬಾಗಿಲಲ್ಲಿ ನಿಂತವರಿಗೆ "ಒಳಗೆ ನಡೀರಿ, ಒಳಗೆ ಜಾಗ ಇದೆ" ಎನ್ನುವರು. ಮಾತು ಉದ್ದ ಮಾಡಿದವರಿಗೆ ಒಂದು ಸೀಟಿ. ಒಂದು ಸೀಟಿಗೆ ನಿಲ್ಲಿಸಬೇಕು, ಎರಡಕ್ಕೆ ಹೊರಡಬೇಕು. ಬೀದಿಯ ಜನ ಎದುರಿಗೆ "ಅಧ್ಯಕ್ಷರೇ" ಎನ್ನುತ್ತಿದ್ದರು, ಬೆನ್ನ ಹಿಂದೆ "ಪೀಪಿ" ಎನ್ನುತ್ತಿದ್ದರು. ಎರಡೂ ಅವರ ಕಿವಿಗೆ ಬೀಳುತ್ತಿದ್ದವು. ಮೊದಲನೆಯದನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತಿದ್ದರು.

ಸಂಘ ಹುಟ್ಟಿದ ಹೊಸದರಲ್ಲಿ ಬೀದಿಗೆ ಕಸದ ಡ್ರಮ್ಮು ಬಂದಿತ್ತು. ಡ್ರಮ್ಮು ಎಲ್ಲರಿಗೂ ಬೇಕು, ತಮ್ಮ ಗೇಟಿನ ಎದುರು ಯಾರಿಗೂ ಬೇಡ. ಮಾತಿಗೆ ಮಾತು ಬೆಳೆದು ಕೊರಳಪಟ್ಟಿಗೆ ಕೈ ಹೋಗುವ ಹೊತ್ತಿಗೆ ಹೊಸ ಅಧ್ಯಕ್ಷರು ಎದೆ ಸೆಟೆದು, "ಯಾರಿಗೂ ಬೇಡವಾದ್ದು ಅಧ್ಯಕ್ಷನ ಮನೆ ಮುಂದೆ ಇರ್ಲಿ ಬಿಡ್ರೀ!" ಅಂದುಬಿಟ್ಟರು. ಚಪ್ಪಾಳೆ ಬಿತ್ತು. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ಅಂಗಡಿ ಯಾವ ಪೇಟೆಯಲ್ಲೂ ಇಲ್ಲ. ಡ್ರಮ್ಮಿನ ಹಿಂದೆ ನೋಟೀಸ್ ಬೋರ್ಡು ಬಂತು, ಬೀದಿನಾಯಿಗಳ ನೀರಿನ ತೊಟ್ಟಿ ಬಂತು, ಚರಂಡಿ ರಿಪೇರಿಯಲ್ಲಿ ಉಳಿದ ಮರಳು ಬಂತು. ಮನೆಯ ಮುಂಭಾಗ ಗುಜರಿ ಅಂಗಡಿಯಾಯಿತು. ತಕರಾರು ತೆಗೆದರೆ ಕುರ್ಚಿ ಬಿಡು ಎನ್ನುತ್ತಾರೆ. ಕುರ್ಚಿ ಬಿಟ್ಟರೆ ಸೀಟಿ ಊದುವುದು ಯಾರಿಗೆ? ಕಂಡಕ್ಟರು ಮೂಗು ಮುಚ್ಚಿಕೊಂಡು ಅಧ್ಯಕ್ಷರಾಗಿಯೇ ಉಳಿದರು.

ಆ ಗುಜರಿಯ ಹಿಂದೆ, ರಸ್ತೆಗೆ ಕಿಟಕಿಯಿದ್ದ ಕೋಣೆಯಲ್ಲಿ, ಸೊಂಟ ಮುರಿದುಕೊಂಡ ಅವರ ಅಕ್ಕ ಮಲಗಿದ್ದರು. ಬಚ್ಚಲು ಆ ಕೋಣೆಗೇ ಅಂಟಿಕೊಂಡಿದ್ದರಿಂದ ಮಂಚ ಬೇರೆಡೆ ಹಾಕುವಂತಿರಲಿಲ್ಲ. ಎಲುಬು ಕೂಡಿತ್ತು, ನಿದ್ದೆ ಕೂಡಿರಲಿಲ್ಲ. ನೋವಿನ ಜೊತೆ ಹೋರಾಡಿ ಹೋರಾಡಿ ಬೆಳಗಿನ ಜಾವಕ್ಕೆ ಒಂದಿಷ್ಟು ಕಣ್ಣು ಮುಚ್ಚಿದರೆ ಅದೇ ಅವರ ದಿನದ ಗಳಿಕೆ. ಅದನ್ನು ಕೆಡಿಸಿದವನು ಒಡಹುಟ್ಟಿದವನಾದರೂ ಶಾಪ ತಪ್ಪುತ್ತಿರಲಿಲ್ಲ.

ಹೀಗಿರುವಾಗ ದೊಡ್ಡ ರಸ್ತೆಯನ್ನು ಅಗೆದರು. ಲಾರಿ, ಟೆಂಪೊ, ಹಾಲಿನ ಗಾಡಿಗಳೆಲ್ಲ ಈ ಬೀದಿಗೆ ನುಗ್ಗಿದವು. ಮಹಡಿಮನೆ ಟೀಚರ್ ಗೇಟಿನ ಬಳಿ ಸಾಲಾಗಿಟ್ಟಿದ್ದ ಹೂಕುಂಡಗಳನ್ನು ಒಂದು ಟೆಂಪೊ ಒರೆಸಿಕೊಂಡು ಹೋದ ದಿನವೇ ಸಭೆ ಸೇರಿತು, ಹಲ್ಲಿನ ಡಾಕ್ಟರ ಕಾರ್ ಶೆಡ್ಡಿನಲ್ಲಿ.

"ರಸ್ತೆಗೆ ಹಂಪ್ ಹಾಕಿಸೋಣ ಅನ್ನೋರು ಕೈ ಎತ್ತಿ" ಎಂದರು ಕಂಡಕ್ಟರು. ಇದ್ದ ಕೈಗಳೆಲ್ಲ ಮೇಲೆ ಹೋದವು.

"ಎಲ್ಲಿ ಹಾಕಿಸೋಣ?"

ಎಲ್ಲ ಕೈಗಳೂ ಇಳಿದವು.

"ನನ್ನ ಮನೆ ಮುಂದಂತೂ ಆಗಲ್ಲ" ಎಂದರು ಡಾಕ್ಟರು. ಅವರ ಕ್ಲಿನಿಕ್ಕು ಮನೆಯ ಮುಂಭಾಗದಲ್ಲೇ ಇತ್ತು. "ಯಾರದ್ದೋ ಬಾಯಲ್ಲಿ ಡ್ರಿಲ್ ಇಟ್ಟಿರ್ತೀನಿ. ಹೊರಗೆ ಲಾರಿ ಧಡಕ್ ಅಂದ್ರೆ ನನ್ನ ಕೈ ಎಲ್ಲಿಗೆ ಹೋಗ್ಬೇಕು?"

"ಹಂಪ್ ಇಲ್ದೇನೇ ಎಲ್ಲೆಲ್ಲಿಗೋ ಹೋಗತ್ತಲ್ಲ ಡಾಕ್ಟ್ರೇ" ಎಂದರು ಟೀಚರ್. "ಹುಳುಕು ಹಲ್ಲು ಬಿಟ್ಟು ಪಕ್ಕದ್ದು ಕಿತ್ತಿದ್ರಿ ನಂದು."

"ಅದು ಮುಗಿದ ಕತೆ."

"ನಿಮಗೆ ಮುಗೀತು. ಕಡ್ಲೆಕಾಯಿ ತಿನ್ನೋಳು ನಾನು."

ಡಾಕ್ಟರು ಅವರ ಕಡೆ ನೋಡಲಿಲ್ಲ. "ಇಷ್ಟಕ್ಕೂ ಚರ್ಚೆ ಯಾಕೆ? ಸಂಘಕ್ಕೊಂದು ಪದ್ಧತಿ ಇದೆಯಲ್ಲ. ಯಾರಿಗೂ ಬೇಡವಾದ್ದು..."

"ಅಧ್ಯಕ್ಷರ ಮನೆ ಮುಂದೆ!" ಎಂದು ಸಭೆ ಮಗ್ಗಿ ಒಪ್ಪಿಸುವ ಮಕ್ಕಳಂತೆ ಒಂದೇ ದನಿಯಲ್ಲಿ ಮುಗಿಸಿತು.

ಕಂಡಕ್ಟರ ಮುಖ ಸಣ್ಣಗಾಯಿತು. "ಡ್ರಮ್ಮು ಸದ್ದು ಮಾಡ್ತಿರ್ಲಿಲ್ಲ, ಇಟ್ಕೊಂಡೆ. ಇದು ಹಾಗಲ್ಲ ಕಣ್ರೀ. ಆ ಕಿಟಕಿ ಹಿಂದೆ ಅಕ್ಕ ಮಲಗಿದ್ದಾಳೆ. ಅವಳು ಕಣ್ಣು ಮುಚ್ಚೋ ಹೊತ್ತಿಗೇ ಹಾಲಿನ ಗಾಡಿಗಳು ಕ್ಯಾನು ಕುಣಿಸ್ಕೊಂಡು ಬರೋದು."

"ಕುರ್ಚಿ ಸಿಹಿ, ಹೊರೆ ಕಹಿ ಅಂದ್ರೆ ಹೇಗೆ, ಪೀಪಿಯವ್ರೇ?" ಎಂದರು ಡಾಕ್ಟರು.

ಆ ಹೆಸರು ಎದುರಿಗೆ ಬಂದದ್ದು ಅದೇ ಮೊದಲು. ಶೆಡ್ಡಿನ ತುಂಬ ನಗು ಹರಡಿತು. ಕಂಡಕ್ಟರು ಸೀಟಿ ಊದಿದರು. ಯಾರೂ ನಿಲ್ಲಲಿಲ್ಲ. ಮತ್ತೊಮ್ಮೆ ಊದಿದರು. ಅಷ್ಟರಲ್ಲಿ ಅರ್ಧ ಸಭೆ ಚಪ್ಪಲಿ ಮೆಟ್ಟಿಕೊಂಡು ಹೊರಟಿತ್ತು.

ಮನೆಗೆ ಬರುವಷ್ಟರಲ್ಲೇ ಅಕ್ಕನಿಗೆ ಸುದ್ದಿ ಮುಟ್ಟಿತ್ತು. ಡ್ರಮ್ಮಿಗೆ ಕಸ ಸುರಿಯಲು ಬರುವವರು ಕಿಟಕಿಯ ಹತ್ತಿರ ಸುದ್ದಿಯನ್ನೂ ಸುರಿದು ಹೋಗುತ್ತಿದ್ದರು.

"ಒಪ್ಕೊಂಡು ಬಂದ್ಯೇನೋ?"

"ಇಲ್ಲ ಅಕ್ಕ."

"ಆಗಲ್ಲ ಅಂದ್ಯಾ?"

"ಅದನ್ನೂ ಅನ್ಲಿಲ್ಲ."

"ಮತ್ತೆ ಇಷ್ಟು ಹೊತ್ತು ಏನ್ ಮಾಡ್ದೆ? ಟಿಕೆಟ್ ಹರಿದ್ಯಾ?"

ಕಂಡಕ್ಟರು ಮಂಚದ ಕಾಲ ಬಳಿ ಕೂತರು. "ಕುರ್ಚಿ ಬಿಟ್ಬಿಡು ಅಂತೀಯಾ?"

"ನಾನ್ಯಾಕಪ್ಪ ಅನ್ಲಿ? ಮುರಿದಿರೋದು ನನ್ನ ಸೊಂಟ. ನಿನ್ನ ಬೆನ್ನುಮೂಳೆ ಎಲ್ಲಿ ಹೋಯ್ತು?" ಎಂದು ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದರು.

ಆ ವಾರವೇ ಒಂದು ಬೆಳಿಗ್ಗೆ, ಸಂಘದ ಹೆಸರಲ್ಲಿ ಡಾಕ್ಟರೇ ಹೇಳಿಕಳಿಸಿದ್ದ ಡಾಂಬರಿನ ಲಾರಿ ಬಂದು ಡ್ರಮ್ಮಿನ ಎದುರು ನಿಂತಿತು. ಬೀದಿಗೆ ಬೀದಿಯೇ ಗೇಟಿಗೆ ಬಂತು. ಡಾಕ್ಟರು ಬಾಯಲ್ಲಿ ಬ್ರಷ್ಷು ಕಚ್ಚಿಕೊಂಡೇ ಓಡಿಬಂದು, "ಇಲ್ಲೇ, ಇಲ್ಲೇ ಸುರೀರಿ. ಇದೇ ಅಧ್ಯಕ್ಷರ ಮನೆ" ಎಂದರು.

ಕಂಡಕ್ಟರು ಗೇಟು ದಾಟಿ ರಸ್ತೆಗಿಳಿದರು. "ಅಲ್ಲ."

"ಏನ್ ಅಲ್ಲ?"

"ಕುರ್ಚಿ ಈಗ ಬಿಟ್ಟೆ. ಇದು ಬರೀ ಮನೆ."

ಲಾರಿಯ ಮೇಸ್ತ್ರಿಗೆ ಈ ರಾಜಕೀಯ ಬೇಕಿರಲಿಲ್ಲ. "ಹೊಸ ಅಧ್ಯಕ್ಷರು ಯಾರು ಅಂತ ಬೇಗ ಹೇಳ್ರೀ, ಡಾಂಬರು ಆರ್ತಿದೆ" ಎಂದ. ಒಬ್ಬರು ಆಕಾಶ ನೋಡಿದರು. ಒಬ್ಬರಿಗೆ ಒಲೆಯ ಮೇಲಿನ ಹಾಲು ನೆನಪಾಯಿತು. ವರ್ಷವಿಡೀ ಬದಲಾವಣೆ ಬೇಕು, ಬದಲಾವಣೆ ಬೇಕು ಎಂದು ಕೂಗಿದ್ದ ಡಾಕ್ಟರು ಬ್ರಷ್ಷನ್ನು ಜೋರಾಗಿ ಉಜ್ಜತೊಡಗಿದರು.

ಲಾರಿ ಹುಳುವಿನಂತೆ ಮುಂದೆ ತೆವಳಿತು. ಪ್ರತಿ ಗೇಟಿನಲ್ಲೂ ಒಬ್ಬರು ಕೈ ಅಗಲಿಸಿ ನಿಂತಿದ್ದರು. ಟೀಚರ್ ಅಳಿದುಳಿದ ಕುಂಡಗಳನ್ನು ರಸ್ತೆಗೆ ಅಡ್ಡ ಜೋಡಿಸಿ, "ನಿಮ್ಮಜ್ಜಿ ಮನೆ ಮುಂದೆ ಸುರ್ಕೋ ಹೋಗಯ್ಯ!" ಎಂದು ಡ್ರೈವರನಿಗೆ ಬೈದು, ಲಾರಿ ತಮ್ಮನ್ನು ದಾಟುತ್ತದೆ ಎಂದು ಖಾತ್ರಿಯಾದ ಮೇಲಷ್ಟೇ ತೆಗೆದರು. ಡಾಕ್ಟರು ಲಾರಿಯ ಮುಂದೆ ಮುಂದೆ ನಡೆಯುತ್ತ, "ಬನ್ನಿ, ಇನ್ನೂ ಮುಂದೆ, ನಿಲ್ಲಿಸ್ಬೇಡಿ" ಎಂದು ತಮ್ಮ ಗೇಟನ್ನು ದಾಟಿಸುವ ಆತುರದಲ್ಲಿದ್ದರು. ಹಿಂದೆ ಆಳುಗಳು ಬಾಗಿಲು ಬಿಚ್ಚಿ ಸಲಿಕೆ ಹಿಡಿದು ತಯಾರಾಗಿದ್ದರು. ಅವರ ಹಿಂದೆ, ಕೈ ಕಟ್ಟಿಕೊಂಡು, ಮಾಜಿ ಅಧ್ಯಕ್ಷರು.

ಲಾರಿಯ ಹಿಂಭಾಗ ಡಾಕ್ಟರ ಗೇಟಿಗೆ ಸರಿಯಾಗಿ ಬಂದಾಗ ಉದ್ದನೆಯ ಸೀಟಿ ಕೇಳಿತು. ಒಂದೇ.

ಡ್ರೈವರನ ಕಾಲು ಹೆಂಡತಿಯ ಮಾತು ಕೇಳದಿದ್ದೀತು, ಸೀಟಿಯ ಮಾತು ಕೇಳದೆ ಇರದು. ಬ್ರೇಕು ಬಿತ್ತು. ಜಾಗ ನಿಕ್ಕಿಯಾಯಿತೆಂದು ಮೇಸ್ತ್ರಿ "ಹಾಕ್ರೋ!" ಅಂದ. ಡಾಕ್ಟರು ಬಾಯಿಂದ ಬ್ರಷ್ಷು ತೆಗೆಯುವಷ್ಟರಲ್ಲಿ ಅರ್ಧ ರಸ್ತೆ ಕಪ್ಪಗೆ ಹೊಗೆಯಾಡುತ್ತಿತ್ತು.

"ಯಾರ್ರೀ ಸೀಟಿ ಊದಿದ್ದು?"

"ನಾನೇ" ಎಂದರು ಕಂಡಕ್ಟರು. "ಸ್ಕೂಟರ್ ಅಡ್ಡ ಬಂತು."

"ಯಾವ ಸ್ಕೂಟರ್?"

"ಹೋಯ್ತು."

"ಕೀಳಿಸ್ತೀನಿ ಇದನ್ನ!"

"ಕೀಳೋದ್ರಲ್ಲಿ ನೀವು ಎತ್ತಿದ ಕೈ" ಎಂದರು ಟೀಚರ್ ಮಹಡಿಯ ಮೇಲಿಂದ. "ಆದ್ರೆ ಪದ್ಧತಿ ಅಂತ ಹೇಳ್ಕೊಟ್ಟೋರು ನೀವೇ ಅಲ್ವಾ? ಯಾರಿಗೂ ಬೇಡವಾದ್ದು ಅಧ್ಯಕ್ಷರ ಮನೆ ಮುಂದೆ. ಯಾರ ಮನೆ ಮುಂದೆ ಬಿದ್ದಿದೆ ನೋಡ್ಕೊಳ್ಳಿ."

ಬೀದಿ ಚಪ್ಪಾಳೆ ತಟ್ಟಿತು. ಸಂಘದಲ್ಲಿ ಅಷ್ಟು ಬೇಗ, ಅಷ್ಟು ಒಮ್ಮತದಿಂದ ಯಾವ ಚುನಾವಣೆಯೂ ಆಗಿರಲಿಲ್ಲ. ಊಟದ ಹೊತ್ತಿಗೆ ಡ್ರಮ್ಮು ಉರುಳಿಕೊಂಡು ಡಾಕ್ಟರ ಗೇಟಿಗೆ ಹೋಯಿತು. ಹಿಂದೆಯೇ ಬೋರ್ಡು, ತೊಟ್ಟಿ, ಮರಳು. ಡಾಕ್ಟರು ಒಬ್ಬೊಬ್ಬರ ಮೂವತ್ತೆರಡನ್ನೂ ಉದುರಿಸುವುದಾಗಿ ಹೇಳಿದರು, ಈ ಸಲ ಪುಕ್ಕಟೆಯಾಗಿ.

ಮರುದಿನ ಹಾಲಿನ ಗಾಡಿಗಳು ಬೀದಿಯ ಆ ತುದಿಯಲ್ಲಿ ಕುಣಿದವು. ಅಕ್ಕ ಬಿಸಿಲು ಹಾಸಿಗೆಗೆ ಬರುವ ತನಕ ಮಲಗಿದ್ದರು. ಎದ್ದ ಮೇಲೆ, ಕಿಟಕಿಯ ಹತ್ತಿರ ಒಬ್ಬರೂ ಸುಳಿಯದ್ದನ್ನು ನೋಡಿ, "ಬೀದಿಗೆ ಏನು ದೊಡ್ಡರೋಗ ಬಂತು?" ಎಂದು ಬೈದರು. ಕಂಡಕ್ಟರು ಹಾಲು ತರಲು ಹೊರಟಾಗ ಎದುರು ಬಂದ ಮೂವರಲ್ಲಿ ಒಬ್ಬರೂ ನಮಸ್ಕಾರ ಹೇಳಲಿಲ್ಲ. "ಅಧ್ಯಕ್ಷರೇ" ಎಂಬುದು ಡ್ರಮ್ಮಿನ ಜೊತೆ ಉರುಳಿಹೋಗಿತ್ತು. ಅವರ ಪಾಲಿಗೆ ಉಳಿದದ್ದು "ಪೀಪಿ" ಒಂದೇ, ಅದೂ ಈಗ ಎದುರಿಗೇ.

ಹಾಲು ಒಳಗಿಟ್ಟು ಅವರು ಕಸದ ಬುಟ್ಟಿ ಎತ್ತಿಕೊಂಡರು. ಡಾಕ್ಟರ ಗೇಟಿಗೆ ನಡೆದು ಬುಟ್ಟಿಯನ್ನು ಡ್ರಮ್ಮಿಗೆ ನಿಧಾನವಾಗಿ ಬಡಿದು ಬಡಿದು ಖಾಲಿ ಮಾಡಿದರು. ಆಮೇಲೆ ಹಂಪಿನ ಮೇಲೆ ಹತ್ತಿ ನಿಂತು ಕಾಲಲ್ಲಿ ಒತ್ತಿ ನೋಡಿದರು.

"ಅಧ್ಯಕ್ಷರೇ!" ಎಂದು ಕ್ಲಿನಿಕ್ಕಿನ ಕಿಟಕಿಗೆ ಕೂಗಿದರು. "ಹಂಪ್ ತೀರಾ ತಗ್ಗಾಯ್ತು. ಇನ್ನೊಂದು ಗೇಣು ಎತ್ತರಿಸ್ಬೇಕು. ಸಭೆ ಯಾವಾಗ ಕರೀತೀರಿ?"

ಕಿಟಕಿ ಧಡಾರನೆ ಮುಚ್ಚಿತು. ಒಳಗೆ ಯಾರೋ ರೋಗಿ "ಅಯ್ಯೋ!" ಎಂದು ಕಿರುಚಿದರು. ಕಂಡಕ್ಟರು ಬುಟ್ಟಿಯನ್ನು ಕಂಕುಳಿಗೆ ಸೇರಿಸಿ, ಎರಡು ಸೀಟಿ ಊದಿ, ಮನೆಗೆ ಹೊರಟರು.