ದಿವಂಗತ ಮಂಜಪ್ಪನವರ ಸಹಿ

ಶಿಕಾರಿಪುರದ ಪ್ರೆಸ್ಸೊಂದರಲ್ಲಿ ಮೂವತ್ತೊಂದು ವರ್ಷದಿಂದ ಕರಡು ತಿದ್ದುತ್ತಿದ್ದ ಪಂಚಾಕ್ಷರಪ್ಪನವರ ಕುರ್ಚಿ ಈ ವರ್ಷ ಅಲ್ಲಾಡತೊಡಗಿತ್ತು. ಶಾಲೆಯೊಂದರ ಬ್ಯಾನರಿನಲ್ಲಿ ‘ಹಾರ್ದಿಕ ಸುಸ್ವಾಗತ’ ಹೋಗಿ ‘ಆರ್ಥಿಕ ಸುಸ್ವಾಗತ’ ಆಗಿತ್ತು. ಗೃಹಪ್ರವೇಶದ ಪತ್ರಿಕೆಯಲ್ಲಿ ಮಾಂಗಲ್ಯಧಾರಣೆಯ ಮುಹೂರ್ತ ಉಳಿದುಕೊಂಡಿತ್ತು. ಹಳೆಯ ಪತ್ರಿಕೆಯ ಮೇಲೇ ಹೊಸ ಹೆಸರು ಕೂರಿಸಿ ಕೈತೊಳೆದುಕೊಳ್ಳುವುದು ಕಂಪ್ಯೂಟರಿನವರ ಸೋಮಾರಿತನ. ಊರು ನಕ್ಕಿದ್ದು ಮಾತ್ರ ಇವರನ್ನು ನೋಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮೂರನೆಯ ತಪ್ಪಿಗೆ ಯಾರೂ ನಗಲಿಲ್ಲ. ಕುಪ್ಪಗಡ್ಡೆಯ ಮದುವೆ ಪತ್ರಿಕೆಯಲ್ಲಿ, ಮದುಮಗಳ ಅಜ್ಜ, ಗುಂಡುಕಲ್ಲಿನಂತೆ ಗಟ್ಟಿಯಾಗಿದ್ದ ಮಂಜಪ್ಪನ ಹೆಸರಿಗೆ ‘ದಿವಂಗತ’ ಅಂಟಿಕೊಂಡಿತ್ತು. ಮದುಮಗಳ ಅಪ್ಪ ನಾಗೇಶ್ ಬೆಳಿಗ್ಗೆಯೇ ಫೋನಿನಲ್ಲಿ ಕೂಗಾಡಿದ. ಮಾಲೀಕ ಶ್ರೀನಿವಾಸ ಪಂಚಾಕ್ಷರಪ್ಪನವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ.

“ಗಿರಾಕಿ ಸಹಿ ಮಾಡಿದ ಕರಡು ಕಿಸೇದಾಗ ಐತಲ್ಲ? ತೋರಿಸ್ರಿ, ಮಾತು ಮುಗೀತು. ಇಲ್ಲಾಂದ್ರೆ ನಾಳಿಂದ ಬರಬ್ಯಾಡ್ರಿ.”

ಸಹಿ ಮಂಜಪ್ಪನದೇ. ಅವತ್ತು ಒಬ್ಬನೇ ಬಂದಿದ್ದ. ಕರಡಿನ ಮೇಲೆ ನಿಧಾನವಾಗಿ ಬೆರಳಾಡಿಸಿ, ತನ್ನ ಹೆಸರು ಸಿಕ್ಕಿದ್ದೇ ಖುಷಿಯಾಗಿ, ಒಂದೊಂದೇ ಅಕ್ಷರ ಕೆತ್ತಿದ ಹಾಗೆ ಸಹಿ ಹಾಕಿದ್ದ. ಹೆಸರಿಗಂಟಿದ ‘ದಿವಂಗತ’ದ ಮೇಲೆ ಬೆರಳು ನಿಂತಿರಲಿಲ್ಲ. ಸೊರಬ ದಾಟುವಾಗ ಪಂಚಾಕ್ಷರಪ್ಪನವರಿಗೆ ತಟ್ಟನೆ ಅರ್ಥವಾಯಿತು. ಮುದುಕನಿಗೆ ಓದಲು ಬರುವುದಿಲ್ಲ.

ಕುಪ್ಪಗಡ್ಡೆಯ ಮನೆಯ ಜಗಲಿಯಲ್ಲಿ ನೆಂಟರು, ಬೀಗರೆಲ್ಲ ಪತ್ರಿಕೆಗಳಿಗೆ ಅರಿಶಿನ ಹಚ್ಚಲು ಕೂತವರು ಹಾಗೇ ಕೂತಿದ್ದರು. ಮೊದಲ ಪತ್ರಿಕೆ ಆಗಲೇ ಮನೆದೇವರ ಮುಂದಿತ್ತು.

“ದೇವರ ಮುಂದೆ ನಮ್ಮಪ್ಪನ್ನ ಸಾಯಿಸಿ ಇಟ್ರಲ್ರೀ!” ನಾಗೇಶ್ ಎದ್ದು ಬಂದ. “ಯಾರ್ರೀ ಇದನ್ನ ನೋಡಿದ್ದು?”

ಪಂಚಾಕ್ಷರಪ್ಪನವರ ಕೈ ಕಿಸೆಗೆ ಹೋಯಿತು. ಶ್ರೀನಿವಾಸ ಮೊಣಕೈಯಿಂದ ತಿವಿದ. ಕಂಬಕ್ಕೊರಗಿದ್ದ ಮಂಜಪ್ಪ ಆ ಕಿಸೆಯನ್ನೇ ನೋಡುತ್ತಿದ್ದ. ಮನೆಯಲ್ಲಿ ಹೆಂಡತಿ ಇದ್ದಾಳೆ, ಈ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ ಎಂಬುದೆಲ್ಲ ಪಂಚಾಕ್ಷರಪ್ಪನವರ ತಲೆಯಲ್ಲಿ ಸುತ್ತಿತು. ಕೈ ಬರಿದೇ ಹೊರಬಂತು.

“ನಾನೇ ನೋಡಿದ್ದು. ತಪ್ಪು ನಂದೇ.”

“ಹಂಗಾರೆ ನಾಳಿಂದ ಮನ್ಯಾಗೇ ಇರ್ರಿ,” ಎಲ್ಲರಿಗೂ ಕೇಳುವಂತೆ ಶ್ರೀನಿವಾಸ ಅಂದ.

ಮಂಜಪ್ಪ ಕಂಬ ಹಿಡಿದು ಎದ್ದ. “ಅವರನ್ನ ಬಿಡ್ರಾ. ಸರಿಯೈತೆ ಅಂತ ಸಹಿ ಹಾಕಿದ್ದು ನಾನು. ನನಗೆ ಹೆಸರು ಬರಿಯಕ್ಕೆ ಮಾತ್ರ ಬರ್ತದೆ. ಓದಕ್ಕೆ ಬರಲ್ಲ.”

ಶ್ರೀನಿವಾಸ ಗಂಟಲು ಸರಿಮಾಡಿಕೊಂಡು, “ಹೊಸ ಪತ್ರಿಕೆ ನಾಳೆ ಕಳಿಸ್ತೀವಿ, ಪಂಚಾಕ್ಷರಪ್ಪನೋರೇ ತಿದ್ದಿ ಕಳಿಸ್ತಾರ,” ಅಂದ. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ಮಂಜಪ್ಪನ ಹೆಂಡತಿ ವರದಮ್ಮನನ್ನು ನೋಡುತ್ತಿದ್ದರು. ಅವಳು ಅರಿಶಿನದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೇ ಗಂಡನನ್ನು ಕೇಳಿದಳು:

“ಹಂಗಾರೆ ಇಷ್ಟ್ ವರ್ಷ, ದಿನಾ ಬೆಳಿಗ್ಗೆ ನನಗೆ ಪೇಪರ್ ಓದಿ ಹೇಳ್ತಿದ್ರಲ್ಲ, ಅದೆಲ್ಲ ಏನು?”