ಇಲಿಗೆ ಕಟ್ಟಿದ ಶೇಂಗಾ ಉಂಡಿ

ಶೇಂಗಾ ಹುರಿಯುವ ವಾಸನೆ ಬಂದರೆ ನಿಮಗೆ ಏನು ನೆನಪಾಗುತ್ತದೋ ಗೊತ್ತಿಲ್ಲ, ನನಗೆ ಇಲಿಗಳು ನೆನಪಾಗುತ್ತವೆ. ಈ ಬೆಳಿಗ್ಗೆ ಚಿತ್ತಾಪುರದ ಮನೆಯಲ್ಲಿ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಫರ್ಸಿ ಕಲ್ಲಿನ ನೆಲದ ಮೇಲೆ ಕುಳಿತು ಹುರಿದ ಶೇಂಗಾದ ಸಿಪ್ಪೆ ತಿಕ್ಕುತ್ತಿದ್ದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಬಹಳ ವರ್ಷಗಳ ಹಿಂದೆ ನಾನು ಕಲಬುರಗಿಯಲ್ಲಿ ಸಂಶೋಧನೆ ಮಾಡುತ್ತಿದ್ದೆ. ಹುಡುಗಿ ಡಾಕ್ಟರ್ ಆಗುತ್ತಾಳೆ ಎಂದು ಮನೆಯವರಿಗೆಲ್ಲ ಹೆಮ್ಮೆ. ಯಾರಿಗೆ ಡಾಕ್ಟರ್ ಎಂದು ಯಾರಾದರೂ ಕೇಳಿದರೆ ನಾನು ಮಾತು ಬದಲಿಸುತ್ತಿದ್ದೆ. ಕೆಲಸ ಇಷ್ಟೇ: ಅಂಡಾಶಯ ತೆಗೆದ ಹೆಣ್ಣಿಲಿಗಳಿಗೆ ಈಸ್ಟ್ರೋಜನ್ ಹಾರ್ಮೋನನ್ನು ಹೊರಗಿನಿಂದ ಕೊಡುವುದು, ಯಾವ ರೀತಿ ಕೊಟ್ಟರೆ ಮೇಲು ಎಂದು ಹೋಲಿಸುವುದು. ಕೆಲವಕ್ಕೆ ಎಳ್ಳೆಣ್ಣೆಯಲ್ಲಿ ಕರಗಿಸಿ ಸೂಜಿ ಹಾಕುತ್ತಿದ್ದೆ. ರಕ್ತದಲ್ಲಿ ಹಾರ್ಮೋನ್ ಥಟ್ಟನೆ ಏರಿ ಬೇಗ ಇಳಿದುಬಿಡುತ್ತಿತ್ತು, ಇಲಿಯೂ ನನ್ನ ಕೈ ಕಂಡರೆ ಮೂಲೆ ಸೇರುತ್ತಿತ್ತು. ಕೆಲವಕ್ಕೆ ಹಾರ್ಮೋನ್ ತುಂಬಿದ ಸಣ್ಣ ಕೊಳವೆಯನ್ನು ಚರ್ಮದ ಕೆಳಗೆ ಇಡುತ್ತಿದ್ದೆ. ಅದು ಹೆಚ್ಚುಕಡಿಮೆ ಸಮವಾಗಿ ಒಸರುತ್ತಿತ್ತು, ಆದರೆ ಇಡಲು ಮತ್ತೆ ಕೊಯ್ಯಬೇಕು. ಇಲಿಗೆ ತ್ರಾಸಾಗದಂತೆ ಬಾಯಿಂದ ಕೊಡಲು ಬರುತ್ತದೆಯೇ ನೋಡು ಎಂದರು ನನ್ನ ಗೈಡ್ ಆಗಿದ್ದ ಮೇಡಂ.

ಉಪಾಯ ನನ್ನದಲ್ಲ, ವೈನಿಯದು. ನಮ್ಮ ಅಪ್ಪ ಗುಳಿಗೆ ಎಂದರೆ ಮುಖ ತಿರುಗಿಸುವವರು. ವೈನಿ ಗುಳಿಗೆಯನ್ನು ಪುಡಿ ಮಾಡಿ ಶೇಂಗಾ ಉಂಡಿಯಲ್ಲಿ ಸೇರಿಸಿ ಕೊಡುತ್ತಿದ್ದರು, ಅಪ್ಪ ಇನ್ನೊಂದು ಕೇಳುತ್ತಿದ್ದರು. ಹಾಗಾದರೆ ಇಲಿ ಯಾಕೆ ತಿನ್ನಬಾರದು?

ವೈನಿ ಕುಟ್ಟಿಕೊಟ್ಟ ಶೇಂಗಾ ಡಬ್ಬಿಯನ್ನು, ವಾಡಿಯಲ್ಲಿ ಕಲಬುರಗಿ ರೈಲು ಹತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಔಷಧ ಬೆರೆಸುವ ಮೊದಲು ಬರೀ ಶೇಂಗಾ ಇಟ್ಟು ನೋಡಿದರೆ, ಇಲಿಗಳು ಮೂಸಿ ಹಿಂದೆ ಸರಿದವು. ಮೇಡಂ ಶಹಾಬಾದಿನವರು, ಮಾತು ಖಡಕ್. "ಕಸೂರ್ ಇಲೀದಲ್ಲ, ತಪ್ಪು ನಿಂದೇ. ಮೊದಲ ನೀ ತಿಂದು ನೋಡು," ಎಂದರು. ತಿಂದೆ. ಬೆಳ್ಳುಳ್ಳಿ, ಉಪ್ಪು, ಕೆಂಪು ಖಾರ! ನಮ್ಮ ಕಡೆ ಶೇಂಗಾ ಕುಟ್ಟುವ ಕೈ ತಾನಾಗಿಯೇ ಖಾರದ ಡಬ್ಬಿಗೆ ಹೋಗುತ್ತದೆ.

ಆ ಭಾನುವಾರ ವೈನಿ ನಗುತ್ತಲೇ ಹೊಸದಾಗಿ ಕುಟ್ಟಲು ಕುಳಿತರು. ಆಗ ಅವರಿಗೆ ನಲವತ್ತೂ ಆಗಿರಲಿಲ್ಲ, ಆದರೂ ಗೋಡೆ ಹಿಡಿಯದೆ ಏಳಲು ಬರುತ್ತಿರಲಿಲ್ಲ. ಚಳಿಗಾಲದಲ್ಲೂ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು.

"ಅಂಡಾಶಯ ತೆಗದ್ರ ಇಲಿಗಿ ಏನಾಗ್ತದ?" ಎಂದು ಕೇಳಿದರು.

"ಎಲುಬು ಸವೀತಾವರಿ, ವೈನಿ. ಮೈಯಾಗಿನ ಬಿಸಿ ಹೆಚ್ಚುಕಮ್ಮಿ ಆಗ್ತದ."

ಕುಟ್ಟುವ ಕೈ ನಿಂತಿತು. "ಗರ್ಭಚೀಲ ತೆಗಿಯಾಗ ನಂದೂ ಎಲ್ಲಾ ತೆಗದಾರ. ಇಲಿಗಿ ಸೂಜಿ ಬ್ಯಾಡ, ಉಂಡಿ ಕೊಡಮು ಅಂತ ನೀವೆಲ್ಲಾ ಇಷ್ಟು ವಿಚಾರ ಮಾಡ್ಲಿಕತ್ತೀರಿ. ನನಗೇನ್ ಕೊಟ್ಟಾರ?"

ಏನೂ ಕೊಟ್ಟಿರಲಿಲ್ಲ. ಹೊಟ್ಟೆನೋವೆಂದು ಹೋದವರಿಗೆ ಆಪರೇಷನ್ ಮಾಡಿ, ಹೊಲಿಗೆ ಬಿಚ್ಚಿ ಮನೆಗೆ ಕಳಿಸಿದ್ದರು. ನನಗೆ ಬಹಳ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ್ದರಿಂದ, ಖಾರದ ಡಬ್ಬಿಯನ್ನು ಎತ್ತಿ ಮೇಲಿನ ಹಲಗೆಗೆ ಇಟ್ಟೆ.

ಮರುವಾರ ಅವರನ್ನು ಕಲಬುರಗಿಯ ಹೆಣ್ಣುಮಕ್ಕಳ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಎಲುಬು ತೆಳುವಾಗಿವೆ, ಇನ್ನೂ ತಡವಾಗಿಲ್ಲ ಎಂದರು. ಆಮೇಲೆ ನನ್ನನ್ನು ಬಿಟ್ಟು ವೈನಿಯ ಕಡೆ ತಿರುಗಿದರು: "ಗುಳಿಗಿ ಅದಾವರಿ, ತೋಳಿಗಿ ಹಚ್ಚೋ ಜೆಲ್ ಅದ. ನಿಮಗ ಯಾವುದು ಅನುಕೂಲ ಆಗ್ತದ?"

ಹಾರ್ಮೋನು ಕೊಡುವ ಮೂರು ಬಗೆಯ ಬಗ್ಗೆ ಗಂಟೆಗಟ್ಟಲೆ ಮಾತನಾಡಬಲ್ಲ ನಾನು ಬಾಯಿ ತೆರೆದೆ. ವೈನಿಯ ಕಣ್ಣಲ್ಲಿ ನೀರು ಕಂಡು ನನ್ನ ಕುರ್ಚಿಯನ್ನು ಹಿಂದೆ ಸರಿಸಿಕೊಂಡೆ. "ತೆಗಿಯಾಗ ಯಾರೂ ಕೇಳಿದ್ದಿಲ್ಲರಿ," ಎಂದರು ಅವರು. ಸೆರಗಿನಿಂದ ಕಣ್ಣೊರೆಸಿಕೊಂಡು ಜೆಲ್ ಎಂದರು.

ಖಾರವಿಲ್ಲದ ಉಂಡಿಯನ್ನು ಇಲಿಗಳು ಕಾದು ತಿಂದವು. ನನ್ನ ಪ್ರಬಂಧವೂ ಮುಗಿಯಿತು. ವೈನಿಯ ಜೆಲ್ ಕೂಡ, ವಯಸ್ಸು ಐವತ್ತು ದಾಟಿದ ಮೇಲೆ, ಡಾಕ್ಟರು ಹೇಳಿದಂತೆ ನಿಂತು ಕೆಲವು ವರ್ಷಗಳಾದವು.

ಈ ಬೆಳಿಗ್ಗೆ ಅವರು ಒಂದು ಕೈಯಲ್ಲಿ ಮೊರ, ಇನ್ನೊಂದರಲ್ಲಿ ಬುಟ್ಟಿ ಹಿಡಿದು, ಗೋಡೆ ಮುಟ್ಟದೆ ಎದ್ದರು. ಕಲಬುರಗಿಯ ಆ ಡಾಕ್ಟರ ದವಾಖಾನೆಯಿಂದ ಬಂದಾಗಿನಿಂದ ಕೇಳದೆ ಯಾರ ತಟ್ಟೆಗೂ ಏನನ್ನೂ ಹಾಕದ ಅವರು, ಬಾಗಿಲಲ್ಲಿ ನಿಂತ ನನ್ನನ್ನೂ ಕೇಳಿದರು:

"ಬೆಲ್ಲದ್ದು ಮಾಡ್ಲೋ, ಖಾರದ್ದು ಮಾಡ್ಲೋ? ನೀನೇ ಹೇಳು."